ಅಜ್ಜಿ ಬದಲಿಸಿದ ಕೊನೆಯ ಪುಟ

"ಕನ್ನಡ ಪುಸ್ತಕ ಓದ್ತೀರಾ?"

ಏಕನಾಥ ಕೇಳಿದ್ದು ಇಷ್ಟೇ. ಹಂಸಿನಿ ಹಿಂದೆ ಮುಂದೆ ನೋಡದೆ "ಹೂಂ..." ಎಂದುಬಿಟ್ಟಳು!

ಅಂದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. ದೆಹಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಅಜ್ಜಿಯ ಜೊತೆ ಗಂಟೆಗಟ್ಟಲೆ ಕನ್ನಡದಲ್ಲಿ ಜಗಳವಾಡಬಲ್ಲಳು, ಆದರೆ ಕನ್ನಡದ ಒಂದಕ್ಷರವನ್ನೂ ಓದಲಾರಳು.

ಆದರೇನು ಮಾಡುವುದು? ಊರು ಬಿಟ್ಟು ಬಂದ ಹುಡುಗ ಅಷ್ಟೊಂದು ಆಸೆಯಿಂದ ಕೇಳಿದಾಗ 'ಇಲ್ಲ' ಎನ್ನಲು ಮನಸ್ಸು ಬರಬೇಕಲ್ಲ!

ಅದು ಮಯೂರ್ ವಿಹಾರ್‌ನ ಅವಳ ಅಪಾರ್ಟ್‌ಮೆಂಟ್ ಸೊಸೈಟಿಯ ಹಾಲ್. ತಿಂಗಳಿಗೊಂದು ಭಾನುವಾರ ಅಲ್ಲಿ ಕನ್ನಡದವರು ಸೇರುತ್ತಿದ್ದರು. ನಡೆಸುವವರು ರತ್ನಪ್ರಭಾ ಆಂಟಿ. ಉಪ್ಪಿಟ್ಟು, ಕಾಫಿ ಆದಮೇಲೆ ಪ್ರತಿಯೊಬ್ಬರೂ ಎದ್ದು ಮೂರು ಮಾತು ಹೇಳಬೇಕು: ಇತ್ತೀಚೆಗೆ ಮಾಡಿದ ಸಾಹಸ, ಹೊಸ ಹವ್ಯಾಸ, ಮನಸ್ಸಿಗೆ ಹಿಡಿಸಿದ ಪುಸ್ತಕ. ನಿವೃತ್ತರೊಬ್ಬರು ಈಜು ಕಲಿತದ್ದನ್ನು ಹೇಳಿದರೆ, ಇನ್ನೊಬ್ಬರು ಬಾಲ್ಕನಿಯಲ್ಲಿ ಮೆಂತ್ಯ ಬೆಳೆದದ್ದನ್ನೇ ಸಾಹಸವೆನ್ನುತ್ತಿದ್ದರು. ಗ್ರೇಟರ್ ನೋಯ್ಡಾದ ಕಾಲೇಜೊಂದರಲ್ಲಿ ಪಾಠ ಮಾಡುವ ಏಕನಾಥ ಅಂದು ಮೊದಲ ಸಲ ಬಂದಿದ್ದ.

ಅವನು ಬ್ಯಾಗಿನಿಂದ ಒಂದು ಕಾದಂಬರಿ ತೆಗೆದು ಅವಳ ಕೈಗಿಟ್ಟ. "ಓದಿ. ಮುಂದಿನ ತಿಂಗಳು ಮಾತಾಡೋಣ."

ಹಂಸಿನಿ ನೇರ ಮನೆಗೆ ಓಡಿದಳು.

"ಅಜ್ಜೀ, ಪ್ಲೀಸ್... ಇದನ್ನ ಓದಿ ಹೇಳು!"

"ಯಾರು ಕೊಟ್ಟಿದ್ದು?" ಲೀಲಾವತಿ ಅಜ್ಜಿ ಕನ್ನಡಕದ ಮೇಲಿನಿಂದ ನೋಡಿದರು.

"ಯಾರೋ."

"ಯಾರೋ ಕೊಟ್ಟಿದ್ದಕ್ಕೆ ಕೆನ್ನೆ ಯಾಕೆ ಕೆಂಪಾಗಿದೆ?"

ಚಳಿಗಾಲ ಶುರುವಾಗಿತ್ತು. ರಜೆಯ ದಿನ ಟೆರೇಸಿನ ಬಿಸಿಲಿನಲ್ಲಿ ಅಜ್ಜಿ ಓದುವರು, ಮೊಮ್ಮಗಳು ಕಿತ್ತಳೆ ಸುಲಿಯುತ್ತ ಕೇಳುವಳು. ಕೂಟ ಮುಗಿದ ಮೇಲೆ ಏಕನಾಥನ ಜೊತೆ ಮೆಟ್ರೋ ಗೇಟಿನವರೆಗೂ ಆ ಪುಸ್ತಕದ ಬಗ್ಗೆ ವಾದ. ಅಭಿಪ್ರಾಯಗಳೆಲ್ಲ ಅವಳವೇ, ಕಣ್ಣು ಮಾತ್ರ ಅಜ್ಜಿಯದು. ಒಂದು ಪುಸ್ತಕ ಮುಗಿದು ಇನ್ನೊಂದು ಬಂತು, ಮತ್ತೊಂದು ಬಂತು. ಕೂಟದ ಭಾನುವಾರಕ್ಕಾಗಿ ಅವಳು ತಿಂಗಳಿಡೀ ಕಾಯುವಂತಾಯಿತು.

'ಇವತ್ತು ನಿಜ ಹೇಳಿಬಿಡ್ತೀನಿ' ಎಂದು ಪ್ರತಿ ಸಲವೂ ಅಂದುಕೊಳ್ಳುವಳು. ಅವನು ನಕ್ಕರೆ ಸಾಕು, ಆ ಮಾತನ್ನು ಮುಂದಿನ ತಿಂಗಳಿಗೆ ಮುಂದೂಡುವಳು.

ಜನವರಿಯಲ್ಲಿ ಅವನು ಕೊಟ್ಟ ಪುಸ್ತಕ ಹಳೆಯದು, ಮೂಲೆಗಳು ಸವೆದಿದ್ದವು.

"ಇದರ ಕೊನೆಯ ಪುಟ... ಸ್ವಲ್ಪ ಮನಸ್ಸಿಟ್ಟು ಓದಿ. ಏನನ್ನಿಸ್ತು ಅಂತ ನನಗೆ ಹೇಳ್ಬೇಕು."

ಮುಂದಿನ ಕೂಟದ ದಿನ ಹಾಲ್‌ನ ಬಾಗಿಲಲ್ಲೇ ಅವನು ಕಾದು ನಿಂತಿದ್ದ.

"ಓದಿದ್ರಾ?"

"ಎಷ್ಟು ಚೆನ್ನಾಗಿದೆ ಕೊನೆ! ರೈಲು ಹೊರಡೋ ಹೊತ್ತಿಗೆ ಅವನು ಓಡಿ ಬಂದು, ಅವಳ ಕೈ ಹಿಡ್ಕೊಂಡು, ಮನಸ್ಸಲ್ಲಿರೋದನ್ನೆಲ್ಲ ಹೇಳಿಬಿಡ್ತಾನಲ್ಲ..."

ಏಕನಾಥನ ಮುಖ ಬಿಳಿಚಿತು.

"ಅವನು ಬರೋದೇ ಇಲ್ಲ, ಹಂಸಿನಿ. ಹೇಳೋಕೆ ಧೈರ್ಯ ಸಾಲದೆ ಮನೆಯಲ್ಲೇ ಉಳೀತಾನೆ. ಅವಳು ಒಬ್ಬಳೇ ಹೋಗಿಬಿಡ್ತಾಳೆ."

ಅವಳಿಗೆ ನೆಲವೇ ಕುಸಿದಂತಾಯಿತು. "ಅದು... ನಾನು..."

"ಓದದೇ ಓದಿದೆ ಅಂತಿದ್ರಾ ಇಷ್ಟು ದಿನ? ನನ್ನ ಮನಸ್ಸನ್ನೇ ಕೊಡೋ ಹಾಗೆ ಆ ಪುಸ್ತಕ ಕೊಟ್ಟಿದ್ದೆ. ನಿಮಗದು ತಮಾಷೆ ಆಯ್ತು."

ಅವನು ತಿರುಗಿಯೂ ನೋಡದೆ ಹೊರಟುಹೋದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ!

ಮನೆಗೆ ಬಂದವಳೇ ಪುಸ್ತಕವನ್ನು ಅಜ್ಜಿಯ ಮುಂದಿಟ್ಟಳು. "ಅಜ್ಜೀ, ನಿಜ ಹೇಳು. ಕೊನೇಲಿ ಅವನು ಬರ್ತಾನಾ?"

ಅಜ್ಜಿ ಕನ್ನಡಕ ತೆಗೆದು ಪುಸ್ತಕದ ಮೇಲಿಟ್ಟರು. "ಇಲ್ಲ ಪುಟ್ಟಾ..."

"ಮತ್ತೆ ಯಾಕೆ ಸುಳ್ಳು ಓದಿದೆ?"

"ಬೇರೆ ಪುಸ್ತಕಗಳನ್ನ ಇದ್ದ ಹಾಗೇ ಓದಿದೀನಿ ಕಣೇ. ಆದ್ರೆ ಅವತ್ತು ನಿನ್ನ ಮುಖ ನೋಡ್ದೆ. ಕಥೆ ಕೇಳ್ತಾ ನೀನು ಆ ಹುಡುಗನ್ನೇ ನೆನೆಸ್ಕೊಳ್ತಿದ್ದೆ. ಆ ಮುಖ ನೋಡ್ಕೊಂಡು 'ಅವನು ಬರಲಿಲ್ಲ' ಅನ್ನೋಕೆ ನನಗೆ ಬಾಯಿ ಬರಲಿಲ್ಲ."

ಹಂಸಿನಿ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಫೋನ್ ಮಾಡಿದಳು, ಅವನು ಎತ್ತಲಿಲ್ಲ. ಮುಂದಿನ ಕೂಟಕ್ಕೂ ಬರಲಿಲ್ಲ. ಮೆಟ್ರೋ ಗೇಟಿನ ಬಳಿ ಅವಳು ಸುಮ್ಮನೆ ಹೋಗಿ ನಿಂತು ಬರುತ್ತಿದ್ದಳು. ಅವನ ಹಾಗೆ ಜೋಳಿಗೆಯಂಥ ಬ್ಯಾಗು ಹೆಗಲಿಗೆ ಹಾಕಿದವರು ಯಾರು ಕಂಡರೂ ಮುಖ ನೋಡಲು ಓಡುತ್ತಿದ್ದಳು. 'ಒಂದೇ ಒಂದು ಸಲ ಸಿಗು ಮಾರಾಯ... ಬೈಯೋಕಾದ್ರೂ ಸಿಗು!'

ಒಂದು ಬೆಳಿಗ್ಗೆ ಅವಳು ತಟ್ಟೆಯಲ್ಲಿ ರವೆ ಹರವಿಕೊಂಡು ಅಜ್ಜಿಯ ಮುಂದೆ ಕೂತಳು.

"ಬರೆಸು ಅಜ್ಜಿ. ಅ, ಆ ಇಂದ ಶುರು ಮಾಡು."

"ಈ ವಯಸ್ಸಲ್ಲಿ ಅಕ್ಷರಾಭ್ಯಾಸವೇನೇ?"

"ಆ ಪುಟವನ್ನ ನಾನೇ ಓದಬೇಕು."

ಅಜ್ಜಿ ಅವಳ ಬೆರಳು ಹಿಡಿದು ರವೆಯ ಮೇಲೆ 'ಅ' ಬರೆಸಿದರು. ಆಫೀಸಿಗೆ ಹೋಗುವಾಗ, ಬರುವಾಗ ಮೆಟ್ರೋದಲ್ಲಿ ಅಕ್ಷರಗಳನ್ನು ಗುನುಗುತ್ತಿದ್ದಳು. ಊರಿಂದ ಬಂದ ಕಾಫಿಪುಡಿಯ ಪ್ಯಾಕೆಟ್ಟು, ಉಪ್ಪಿನಕಾಯಿ ಡಬ್ಬಿ, ಯಾವುದನ್ನೂ ಓದದೆ ಬಿಡಲಿಲ್ಲ. ಒತ್ತಕ್ಷರ ಬಂದಾಗ ಅಳು ಬರುತ್ತಿತ್ತು. ಅವನ ನೆನಪಾದಾಗ ಮತ್ತೆ ತಟ್ಟೆ ಹಿಡಿಯುತ್ತಿದ್ದಳು.

ಬೂರುಗದ ಮರಗಳು ಕೆಂಪಗೆ ಹೂ ಬಿಡುವ ಹೊತ್ತಿಗೆ ಅವಳು ಅವನಿಗೊಂದು ಮೆಸೇಜ್ ಕಳಿಸಿದಳು. ಮೊದಲೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಿದ್ದವಳು, ಅಂದು ಕನ್ನಡದಲ್ಲೇ ಬರೆದಳು: 'ನಿಮ್ಮ ಪುಸ್ತಕ ನನ್ನ ಹತ್ತಿರ ಇದೆ. ಭಾನುವಾರ ಬನ್ನಿ.'

ಉತ್ತರ ಬರಲಿಲ್ಲ. ಆದರೆ ಭಾನುವಾರ ಅವನು ಬಂದ! ಬಾಗಿಲ ಪಕ್ಕದ ಕೊನೆಯ ಕುರ್ಚಿಯಲ್ಲಿ, ಯಾವಾಗ ಬೇಕಾದರೂ ಎದ್ದು ಹೋಗುವವನಂತೆ ಕೂತ.

ಹಂಸಿನಿಯ ಸರದಿ ಬಂತು. ಪುಸ್ತಕ ಹಿಡಿದು ಎದ್ದಳು.

"ನನ್ನ ಹೊಸ ಹವ್ಯಾಸ... ಕನ್ನಡ ಓದೋದು. ನನಗೆ ಓದೋಕೆ ಬರ್ತಿರಲಿಲ್ಲ. ಇಷ್ಟು ದಿನ ನಮ್ಮಜ್ಜಿ ಓದಿ ಹೇಳ್ತಿದ್ರು. ಓದ್ತೀನಿ ಅಂತ ನಾನು ಸುಳ್ಳು ಹೇಳಿದ್ದೆ."

ಏಕನಾಥ ತಟ್ಟನೆ ತಲೆಯೆತ್ತಿದ.

"ಪುಸ್ತಕ ಇದು. ಸಾಹಸ... ಈಗ ಮಾಡ್ತೀನಿ."

ಕೊನೆಯ ಪುಟ ತೆರೆದು, ಬೆರಳಿಟ್ಟು ಓದತೊಡಗಿದಳು. "ರೈಲು... ಹೊ...ರಟಿತು. ಅವಳು... ಬಾಗಿ...ಲಲ್ಲೇ ನಿಂತಿ...ದ್ದಳು. ಅವನು... ಬರ...ಲಿಲ್ಲ."

ಯಾರೂ ನಗಲಿಲ್ಲ. ಅವಳ ಕಣ್ಣು ತುಂಬಿ ಅಕ್ಷರಗಳು ಮಂಜಾದವು.

"ಇದೇ ನಿಜವಾದ ಕೊನೆ. ಇದನ್ನ ನನ್ನ ಮುಂದೆ ಓದೋಕೆ ಅಜ್ಜಿಗೆ ಮನಸ್ಸಾಗಲಿಲ್ಲ."

"ತಪ್ಪು ನಂದಪ್ಪಾ!" ಅಂದು ಮೊಮ್ಮಗಳ ಜೊತೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ಲೀಲಾವತಿ ಅಜ್ಜಿ ಕೂಗಿದರು. "ಅವಳನ್ನ ಬೈಬೇಡ!"

ರತ್ನಪ್ರಭಾ ಆಂಟಿ ಮೆಲ್ಲಗೆ ನಕ್ಕರು. "ಏಕನಾಥ್, ಈಗ ನಿಮ್ಮ ಸರದಿ."

ಅವನು ಎದ್ದು ನಿಂತ. "ಹವ್ಯಾಸ ಏನೂ ಇಲ್ಲ. ಪುಸ್ತಕ ಮುಟ್ಟೋಕೆ ಮನಸ್ಸಾಗಿಲ್ಲ. ಸಾಹಸ..." ಅವನ ಕಣ್ಣು ಅವಳ ಮೇಲೇ ಇತ್ತು. "ಹಂಸಿನಿ, ಒಂದ್ನಿಮಿಷ ಹೊರಗೆ ಬರ್ತೀರಾ?"

ಹಾಲ್ ತುಂಬ ನಗು!

ಬೂರುಗದ ಮರದ ಕೆಳಗೆ ಇಬ್ಬರೂ ನಿಂತರು.

"ಅವನ ಹಾಗೆ ನಾನೂ ಹೇಳದೇ ಉಳೀತೀನೇನೋ ಅಂತ ಭಯ ಇತ್ತು. ಅದಕ್ಕೇ ಆ ಪುಸ್ತಕ ಕೊಟ್ಟೆ. ಪುಸ್ತಕವೇ ಹೇಳ್ಲಿ ಅಂತ," ಎಂದ. "ಆಮೇಲೆ ನಿಮ್ಮ ಫೋನ್ ಕೂಡ ಎತ್ತಲಿಲ್ಲ. ಕೇಳದೇ ತೀರ್ಮಾನ ಮಾಡ್ಬಿಟ್ಟೆ. ತಪ್ಪಾಯ್ತು."

"ಎಷ್ಟು ಕಾಯಿಸಿದ್ರಿ ಗೊತ್ತಾ..."

"ನೀವಂದ್ರೆ ನನಗೆ ಇಷ್ಟ, ಹಂಸಿನಿ. ತುಂಬಾ ಇಷ್ಟ. ಇದನ್ನ ಹೇಳೋಕೆ ಇನ್ನು ಪುಸ್ತಕ ಬೇಡ."

ಅವಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಪುಸ್ತಕ ಚಾಚಿದಳು. ಅವನು ಪುಸ್ತಕ ಬಿಟ್ಟು ಕೈ ಹಿಡಿದ.

"ಹೇಳಿ, ಯಾವ ಕೊನೆ ಇಷ್ಟ ಆಯ್ತು?"

"ಬರೆದವರದ್ದು ಚೆನ್ನಾಗಿದೆ... ಆದ್ರೆ ನನಗೆ ಅಜ್ಜಿಯದೇ ಬೇಕು."

"ಅಜ್ಜಿಯ ಕಥೇಲಿ ಕೈ ಹಿಡಿದ ಮೇಲೆ ಏನಾಗುತ್ತೆ?"

"ಗೊತ್ತಿಲ್ಲ. ಅಷ್ಟಕ್ಕೇ ಪುಸ್ತಕ ಮುಚ್ಚಿ ಕಾಫಿ ಮಾಡೋಕೆ ಎದ್ದುಬಿಟ್ರು."

"ಹಾಗಾದ್ರೆ ಮುಂದಿಂದು ನಾವೇ ಓದ್ಕೊಳ್ಳೋಣ."

"ನಾನು ತುಂಬಾ ನಿಧಾನ ಓದ್ತೀನಿ ರೀ..."

"ಓದಿ," ಎಂದ ಅವನು, ಕೈ ಬಿಡದೆ. "ನನಗೇನೂ ಆತುರ ಇಲ್ಲ."