ಹೆಸರಿಲ್ಲದ ಮೂರು ಪುಟಗಳು

"ಮಿಸ್ ಹೋಲ್ಟ್, ಈ ತೊಂಬತ್ತೊಂಬತ್ತು ಅಂದ್ರೆ ಏನು ಅಂತ ನೋಡಿದ್ರಾ?"

ಷಿಕಾಗೋದ ಆ ಹೋಟೆಲಿನ ಸಭಾಕೋಣೆಯಲ್ಲಿ ಹದಿನಾಲ್ಕು ಜನರಿದ್ದರು. ಮಾರ್ಲಿಸ್ ಹೋಲ್ಟ್ ಆಗಷ್ಟೇ ತನ್ನ ನಾಲ್ಕು ವರ್ಷದ ಸಂಶೋಧನೆಯನ್ನು ಮಂಡಿಸಿ ಮುಗಿಸಿದ್ದಳು. ಸರ್ಕಾರದ ಆಹಾರ ನೆರವಿನ ಕಚೇರಿಗೆ ಹೆಚ್ಚು ಸಲ ಅಲೆದವರೇ ಹೆಚ್ಚು ಮತ ಹಾಕುತ್ತಾರೆ ಎಂಬುದು ಅವಳ ತೀರ್ಮಾನ. ಒಹಾಯೊದ ವಿಶ್ವವಿದ್ಯಾಲಯವೊಂದರ ಕೆಲಸಕ್ಕೆ ಅವಳು ಕೊನೆಯ ಸುತ್ತಿಗೆ ಬಂದಿದ್ದೂ ಅದರಿಂದಲೇ.

ಪ್ರಶ್ನೆ ಕೇಳಿದವನು ಡ್ವೈಟ್ ಪೆಟಿಗ್ರೂ. ಅವಳ ಪ್ರಬಂಧದ ಗುಣದೋಷ ಹೇಳಲು ಅಯೋವಾದ ಸಣ್ಣ ಕಾಲೇಜಿನಿಂದ ಬಂದಿದ್ದ ಅಧ್ಯಾಪಕ.

"ಎಷ್ಟು ಸಲ ಹೋಗಿದ್ರು ಅನ್ನೋ ಸಂಖ್ಯೆ ಅದು..."

"ಅಲ್ಲ. ಉತ್ತರ ಕೊಡಲ್ಲ ಅಂದವರಿಗೆ ಸಮೀಕ್ಷೆಯವರು ಹಾಕಿದ ಗುರುತು. 'ನಿಂಗ್ಯಾಕಯ್ಯಾ ಹೇಳ್ಬೇಕು' ಅಂತ ಫೋನ್ ಕುಕ್ಕಿದ ಶ್ರೀಮಂತರು ಇವರೆಲ್ಲ. ಮತ ತಪ್ಪದೆ ಹಾಕ್ತಾರೆ, ಆದ್ರೆ ಆ ಕಚೇರಿ ಮೆಟ್ಟಿಲನ್ನೇ ಹತ್ತಿದವರಲ್ಲ. ನಿಮ್ಮ ಲೆಕ್ಕದಲ್ಲಿ ತೊಂಬತ್ತೊಂಬತ್ತು ಸಲ ಹತ್ತಿಳಿದಿದ್ದಾರೆ!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾರ್ಲಿಸ್‌ಳ ಕಿವಿ ಕೆಂಪಾಯಿತು.

"ಧನ್ಯವಾದ. ತುಂಬಾ ಉಪಯುಕ್ತ ಸಲಹೆ," ಎಂದಳು. ಕತ್ತು ಕೊಯ್ದವನಿಗೂ ಧನ್ಯವಾದ ಹೇಳುವುದು ಆ ವೃತ್ತಿಯ ರೂಢಿ.

ಹೊರಗೆ ಅವನೇ ಬಂದು ಎದುರು ನಿಂತ.

"ನನ್ನೊಬ್ಬಳಿಗೇ ಹೇಳೋಕೆ ಆಗ್ತಿರಲಿಲ್ವಾ?"

"ಪ್ರಬಂಧ ಕಳಿಸಿದ್ದೇ ನಿನ್ನೆ ಸಂಜೆ ನೀವು! ಬೆಳಿಗ್ಗೆಯಿಂದ ಹುಡುಕಿದೆ, ಸಿಗಲಿಲ್ಲ. ಬನ್ನಿ, ಈಗ್ಲೇ ಕೂತು ಸರಿಮಾಡೋಣ."

ಕೂತರು. ಆ ಸಂಖ್ಯೆಗಳನ್ನು ತೆಗೆದ ಕೂಡಲೇ ನಾಲ್ಕು ವರ್ಷದ ತೀರ್ಮಾನ ಪರದೆಯ ಮೇಲೆ ಮಾಯವಾಯಿತು. ಅವಳು ಅತ್ತಳು. ಅವನು ಸುಮ್ಮನೆ ಕರವಸ್ತ್ರ ಕೊಟ್ಟ.

ಪ್ರಬಂಧ ಹಿಂತೆಗೆದುಕೊಂಡಳು. ಒಹಾಯೊದ ಕೆಲಸ ಕೈತಪ್ಪಿತು. ಆದರೂ ಪ್ರತಿ ಭಾನುವಾರ ಅವನ ಫೋನ್ ಬರತೊಡಗಿತು...

"ಊಟ ಮಾಡಿದ್ಯಾ?"

"ಹ್ಞೂಂ. ನೀನು?"

"ಹಾಲು, ಕಾರ್ನ್‌ಫ್ಲೇಕ್ಸ್."

"ಅದು ಊಟ ಅಲ್ಲ, ಡ್ವೈಟ್!"

ಒಂದು ಭಾನುವಾರ ಅವನು ತನ್ನ ಪುಸ್ತಕದ ನಾಲ್ಕನೇ ಅಧ್ಯಾಯ ದುರ್ಬಲವಾಗಿದೆ ಎಂದು ಒಪ್ಪಿಕೊಂಡ. ಪುಸ್ತಕ ಅಚ್ಚಾಗದಿದ್ದರೆ ತನ್ನ ಕೆಲಸ ಕಾಯಂ ಆಗುವುದಿಲ್ಲ ಎಂದೂ ಹೇಳಿದ. 'ಯಾರಿಗೂ ಹೇಳದ್ದನ್ನ ನನಗೆ ಹೇಳ್ದ...' ಅಂದು ಅವಳ ಮನಸ್ಸು ಹೂವಾಗಿತ್ತು.

ಅದನ್ನು ಕೆಡಿಸಿದವಳು ಸಹೋದ್ಯೋಗಿ ಬಾರ್ಬ್.

"ಒಹಾಯೊದ ಕೊನೇ ಪಟ್ಟಿಯಲ್ಲಿ ಅವನೂ ಇದ್ದ, ಗೊತ್ತಾ? ಅಯ್ಯೋ ಹುಚ್ಚಿ! ನಿನ್ನನ್ನ ಎಲ್ಲರೆದುರು ಯಾಕೆ ಕೆಡವಿದ ಅಂದ್ಕೊಂಡೆ?"

ಒಂದೇ ಒಂದು ಮಾತು ಅವನನ್ನು ಕೇಳಬಹುದಿತ್ತು. ಕೇಳಲಿಲ್ಲ! ಫೋನ್ ಎತ್ತುವುದನ್ನೇ ನಿಲ್ಲಿಸಿದಳು.

ತಿಂಗಳೊಳಗೆ ಒಂದು ಪ್ರಕಾಶನದಿಂದ ಹಸ್ತಪ್ರತಿ ಬಂತು. ಗುಟ್ಟಾಗಿ ಓದಿ ಅಭಿಪ್ರಾಯ ಬರೆಯಬೇಕು, ಬರೆದದ್ದು ಲೇಖಕನಿಗೆ ಹೋಗುತ್ತದೆ, ವಿಮರ್ಶಕರ ಹೆಸರು ಮಾತ್ರ ತಿಳಿಯುವುದಿಲ್ಲ. ಲೇಖಕ ಡ್ವೈಟ್ ಪೆಟಿಗ್ರೂ.

ಮೂರು ಪುಟ ಬರೆದಳು. ನಾಲ್ಕನೇ ಅಧ್ಯಾಯದಿಂದಲೇ ಶುರು ಮಾಡಿ, ಚೆನ್ನಾಗಿದ್ದ ಐದು ಅಧ್ಯಾಯಗಳನ್ನೂ ಅದರ ಜೊತೆ ಹೂತಳು. 'ಈಗ ಗೊತ್ತಾಗಲಿ ನಿನಗೆ!' ಎಂದುಕೊಂಡಳು. ನಿಜ ಹೇಳಬೇಕೆಂದರೆ, ಅಂದು ಅವಳಿಗೆ ಚೆನ್ನಾಗಿ ಹಸಿವಾಯಿತು.

ಪುಸ್ತಕ ತಿರಸ್ಕೃತವಾಯಿತು. ಮೇ ತಿಂಗಳಲ್ಲಿ ಅವನ ಕಾಲೇಜು ಅವನನ್ನು ಕೈಬಿಟ್ಟಿತು.

ಜೂನ್‌ನಲ್ಲಿ ಒಂದು ಸಭೆಯಲ್ಲಿ ಒಹಾಯೊದ ಆಯ್ಕೆ ಸಮಿತಿಯಲ್ಲಿದ್ದ ವೃದ್ಧ ಪ್ರೊಫೆಸರ್ ಸಿಕ್ಕಿದರು.

"ನಿಮ್ಮಿಬ್ಬರಂಥ ಪೆದ್ದರನ್ನ ನಾನು ನೋಡಿಲ್ಲಮ್ಮ! ನೀನು ಪ್ರಬಂಧ ವಾಪಸ್ ತಗೊಂಡೆ. ಆ ಪೆಟಿಗ್ರೂ ಷಿಕಾಗೋಗೆ ಹೋಗೋ ಒಂದು ವಾರ ಮೊದಲೇ ಹೆಸರು ವಾಪಸ್ ತಗೊಂಡಿದ್ದ. ತನ್ನ ಜೊತೆ ಸ್ಪರ್ಧೆಯಲ್ಲಿರೋಳ ಪ್ರಬಂಧದ ಮೇಲೆ ಮಾತಾಡೋದು ಸರಿಯಲ್ಲವಂತೆ!"

ಮಾರ್ಲಿಸ್‌ಗೆ ಆ ಮೂರು ಪುಟಗಳು ನೆನಪಾದವು. ಅಯ್ಯೋ... ಏನು ಮಾಡಿಬಿಟ್ಟೆ ನಾನು!

ಮರುದಿನ ಏಳು ತಾಸು ಕಾರು ಓಡಿಸಿಕೊಂಡು ಅವನ ಕಾಲೇಜಿಗೆ ಹೋದಳು. ಅವನು ತನ್ನ ಕೋಣೆಯಲ್ಲಿ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ.

"ಡ್ವೈಟ್... ಆ ಮೂರು ಪುಟ ಬರೆದಿದ್ದು ನಾನು."

"ಗೊತ್ತು."

"ಗೊತ್ತಾ?"

"ನಾಲ್ಕನೇ ಅಧ್ಯಾಯದ ವಿಷ್ಯ ನಿನ್ನ ಬಿಟ್ಟು ಯಾರಿಗೂ ಹೇಳಿರ್ಲಿಲ್ಲ, ಮಾರ್ಲಿಸ್."

ಅವಳು ಬಾಗಿಲಿಗೆ ಒರಗಿ ಬಿಕ್ಕಿದಳು. ಈ ಸಲ ಅವನು ಕರವಸ್ತ್ರ ಕೊಡಲಿಲ್ಲ.

"ಮತ್ತೆ ಯಾಕೆ ಸುಮ್ನಿದ್ದೆ? ಸಂಪಾದಕರಿಗೆ ಬರೀಬೇಕಿತ್ತು!"

"ಬರೆದಿದ್ರೆ ನೀನು ಮುಗಿದು ಹೋಗ್ತಿದ್ದೆ. ಒಂದು ಸಲ ನನ್ನ ಕೈಯಿಂದ ಮುಗಿದಿದ್ದೆ, ಸಾಕನ್ನಿಸ್ತು."

"ಕ್ಷಮಿಸು ಅಂತ ಕೇಳೋ ಮುಖ ಇಲ್ಲ ನನಗೆ..."

"ಕ್ಷಮಿಸಿಲ್ಲ." ಅವನು ಪೆಟ್ಟಿಗೆಯ ಮುಚ್ಚಳ ಒತ್ತಿದ. "ದಿನಾ ಬೈತೀನಿ ನಿನ್ನ. ಭಾನುವಾರ ಬಂದ್ರೆ ಮಾತ್ರ ಫೋನ್ ಹಿಡ್ಕೊಂಡು ಕೂತಿರ್ತೀನಿ. ಏನು ಮಾಡ್ಲಿ ಹೇಳು, ಪ್ರೀತಿ ಹೋಗ್ಲೇ ಇಲ್ಲ!"

ಮಾರ್ಲಿಸ್ ಕಣ್ಣೊರೆಸಿಕೊಂಡು ಅವನ ಮೇಜಿನ ಮುಂದೆ ಕುಳಿತಳು. ಪ್ರಕಾಶನಕ್ಕೆ ಪತ್ರ ಬರೆದಳು. 'ಪೆಟಿಗ್ರೂ ಅವರ ಪುಸ್ತಕದ ಬಗ್ಗೆ ನಾನು ದ್ವೇಷದಿಂದ ಬರೆದೆ, ಅದು ಒಳ್ಳೆಯ ಪುಸ್ತಕ.' ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದಳು.

"ಬೇಡ! ನನ್ನ ಕೆಲಸ ವಾಪಸ್ ಬರಲ್ಲ. ನಿನ್ನದೂ ಹೋಗುತ್ತೆ ಅಷ್ಟೇ."

"ಗೊತ್ತು."

ಕಳಿಸಿಬಿಟ್ಟಳು.

ಆಮೇಲೆ ಅವನು ಪಕ್ಕದಲ್ಲಿ ಬಂದು ಕುಳಿತು ಅವಳ ತಣ್ಣಗಾದ ಕೈ ಹಿಡಿದ.

"ಈಗ ಎಲ್ಲಿಗೆ ಹೋಗ್ತೀಯಾ?"

"ನೀನು ಹೋಗೋ ಕಡೆ."

"ನನಗೆ ಹೋಗೋಕೆ ಎಲ್ಲೂ ಇಲ್ಲ, ಮಾರ್ಲಿಸ್."

"ಹಾಗಾದ್ರೆ ಅಲ್ಲಿಗೇ ಕರ್ಕೊಂಡು ಹೋಗು."