ತುಂಗವ್ವನ ತಕ್ಕಡಿಯ ಹದಿನೈದನೇ ರೀಲು

ಹಿತ್ತಾಳೆ ಕೊಡದ ಹೊಟ್ಟೆಯ ಮೇಲೆ ಮೊದಲು ಒಂದು ಮಸುಕು ಚುಕ್ಕೆ ಮೂಡಿತು. ಯಂತ್ರ ಅದನ್ನು ಹಿಗ್ಗಿಸಿತು, ಕೊಡದ ಡೊಂಕನ್ನು ಕಳೆದು ನೇರ ಮಾಡಿತು, ಮತ್ತೆ ಹಿಗ್ಗಿಸಿತು. ಈಗ ಹುಲಿ ಸ್ಪಷ್ಟವಾಗಿ ಕಾಣಿಸಿತು. ಅದು ಚಕ್ಕಂಬಕ್ಕಳ ಹಾಕಿಕೊಂಡು ಕುಳಿತಿತ್ತು. ತಲೆಯನ್ನು ಕಳಚಿ ಪಕ್ಕಕ್ಕಿಟ್ಟು ಬೀಡಿ ಸೇದುತ್ತಿತ್ತು.

"ನಾನು ಹೇಳಲಿಲ್ಲವೇ!" ಎಂದು ಪಂಕಜಾಕ್ಷಿ ಟೀಚರ್ ಹಿರಿಯೂರಿನ ತಮ್ಮ ಮನೆಯ ಪಡಸಾಲೆಯಲ್ಲಿ ಕೂಗಿದರು.

"ಯಾರಿಗೆ?" ಎಂದು ಒಳಗಿನಿಂದ ಅವರ ಯಜಮಾನರು ಅಶ್ವತ್ಥಯ್ಯ ಕೇಳಿದರು. ನೀರಾವರಿ ಇಲಾಖೆಯಿಂದ ನಿವೃತ್ತರಾದ ಅವರಿಗೆ ಸಿನಿಮಾ ಎಂದರೆ ಅಷ್ಟಕ್ಕಷ್ಟೆ.

"ನಿಮಗಲ್ಲ. ಹೊಸಪೇಟೆಯ ರಹಮತ್ತುಲ್ಲಾ ಸಾಹೇಬರಿಗೆ."

ಟೀಚರ್ ನಡೆಸುತ್ತಿದ್ದ ಅಂತರ್ಜಾಲದ ಬಳಗದ ಹೆಸರು 'ನೆಲ-ಬೆಂಚು-ಕುರ್ಚಿ'. ಟೆಂಟಿನಲ್ಲಿ ಸಿನಿಮಾ ನೋಡಿ ಬೆಳೆದ ನಾಲ್ಕುನೂರ ಹನ್ನೆರಡು ಮಂದಿ ಅದರಲ್ಲಿದ್ದರು. ಯಾವ ಚಿತ್ರದಲ್ಲಿ ಯಾರು ಯಾರಿಗೆ ಧ್ವನಿ ಕೊಟ್ಟರು, ಯಾವ ಹಾಡಿನ ನಡುವೆ ನಾಯಕನ ಮೀಸೆ ಎಡಕ್ಕೆ ಸರಿಯಿತು ಎಂಬಂಥ ಸಂಗತಿಗಳು ಅಲ್ಲಿ ದಿನವೂ ಚರ್ಚೆಗೆ ಬರುತ್ತಿದ್ದವು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಟೀಚರು ಹಳೆಯ ಹಾಡಿನ ಪುಸ್ತಕ, ಪೋಸ್ಟರು, ಪತ್ರಿಕೆಯ ತುಣುಕು ಮುಂದಿಡದೆ ಒಂದು ಮಾತೂ ಆಡುತ್ತಿರಲಿಲ್ಲ. ರಹಮತ್ತುಲ್ಲಾ ಹೊಸಪೇಟೆಯ ಟಾಕೀಸೊಂದರಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವರು. ಅವರ ಬಳಿ ಕಾಗದದ ಚೂರೂ ಇರಲಿಲ್ಲ. ಕಥೆಗಳು ಮಾತ್ರ ಮುಗಿಯುತ್ತಿರಲಿಲ್ಲ. 'ಗೌರಿಪುರದ ಗಡಿಯಾರ' ಚಿತ್ರದ ಹುಲಿ ಕಾಳಗದ ದಿನ ನಿಜವಾದ ಹುಲಿ ನಿದ್ದೆ ಹೋಯಿತೆಂದೂ, ಅದು ಏಳುವವರೆಗೆ ನಾಯಕನೇ ಅದರ ತಲೆ ನೇವರಿಸುತ್ತ ನಾಲ್ಕು ತಾಸು ಕುಳಿತಿದ್ದನೆಂದೂ ಅವರು ಹತ್ತು ವರ್ಷದಿಂದ ಹೇಳುತ್ತಿದ್ದರು. ಟೀಚರು ಹತ್ತು ವರ್ಷದಿಂದ ಅದನ್ನು ಅಲ್ಲಗಳೆಯುತ್ತಿದ್ದರು. ರೀಲು ಓಡಿಸುವುದನ್ನು ಬಿಟ್ಟರೂ ಸಾಹೇಬರು ರೀಲು ಬಿಡುವುದನ್ನು ಬಿಟ್ಟಿಲ್ಲ ಎಂದು ಬಳಗದವರು ನಗುತ್ತಿದ್ದರು.

ಈ ಜಗಳವನ್ನು ಮುಗಿಸಲೆಂದೇ ಟೀಚರು ತಮ್ಮ ಹಳೆಯ ವಿದ್ಯಾರ್ಥಿನಿ ಡಾ. ಇಂಚರಾಳನ್ನು ಕರೆತಂದಿದ್ದರು. ಮೈಸೂರಿನ ಪ್ರಯೋಗಶಾಲೆಯೊಂದರಲ್ಲಿ ಬೆಳಕಿನ ವಿಜ್ಞಾನಿಯಾಗಿದ್ದ ಆಕೆ ಕಂಡುಹಿಡಿದ ಯಂತ್ರಕ್ಕೆ 'ಆಚೆನೋಟಕ' ಎಂದು ಹೆಸರು.

"ತುಂಬ ಸರಳ, ಮಿಸ್," ಎಂದಿದ್ದಳು ಇಂಚರಾ. "ಕ್ಯಾಮೆರಾ ಮುಂದೆ ಹೊಳೆಯುವ ವಸ್ತು ಏನೇ ಇರಲಿ, ಕೊಡ, ಕನ್ನಡಕ, ಕೊನೆಗೆ ನಟಿಯ ಕಣ್ಣುಗುಡ್ಡೆ, ಅದರಲ್ಲಿ ಕ್ಯಾಮೆರಾ ಹಿಂದಿನದ್ದೆಲ್ಲ ಬಿಂಬವಾಗಿ ಬಿದ್ದಿರುತ್ತದೆ. ಮೂಲ ರೀಲಿನ ಬೆಳ್ಳಿಯ ಕಣಗಳಲ್ಲಿ ಅದು ಇವತ್ತಿಗೂ ಇದೆ. ನಮ್ಮ ಬರಿಗಣ್ಣಿಗೆ ಬರೀ ಚುಕ್ಕೆ. ಸಾವಿರಾರು ಚೌಕಟ್ಟುಗಳ ಚುಕ್ಕೆಗಳನ್ನು ಯಂತ್ರ ಒಂದರ ಮೇಲೊಂದು ಜೋಡಿಸಿದರೆ ಚಿತ್ರ ಹೊರಡುತ್ತದೆ."

"ಮಾತೂ ಕೇಳಿಸುತ್ತದೆಯೇನೇ?"

"ಇಲ್ಲ ಮಿಸ್. ಮಾತೆಲ್ಲ ಆಮೇಲೆ ಡಬ್ಬಿಂಗ್ ಮಾಡಿದ್ದಲ್ಲವೇ? ಅದನ್ನು ನಂಬುವಂತಿಲ್ಲ. ಬೇಕಾದರೆ ತುಟಿ ನೋಡಿ ಓದಿಕೊಳ್ಳುತ್ತದೆ."

ಬೀಡಿ ಸೇದುವ ಹುಲಿಯನ್ನು ಕಂಡು ಬಳಗವೆಲ್ಲ ಬಿದ್ದು ಬಿದ್ದು ನಕ್ಕಿತು. ರಹಮತ್ತುಲ್ಲಾ ಒಂದೇ ಸಾಲು ಬರೆದರು: "ಹುಲಿ ಬೀಡಿ ಸೇದಿದ್ರ ಏನಾತ್ರೀ ಟೀಚರಮ್ಮ? ಪರದೆ ಮ್ಯಾಲ ಬಂದಾಗ ಜನ ಹೆದರಿದ್ರೋ ಇಲ್ಲೋ?"

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಗೆದ್ದ ರುಚಿ ಹತ್ತಿದ್ದ ಟೀಚರು ಸಾಹೇಬರ ಕಥೆಗಳನ್ನೆಲ್ಲ ಪಟ್ಟಿ ಮಾಡಿ ಇಂಚರಾಗೆ ಕಳಿಸಿದರು. ವಾರಕ್ಕೆರಡರಂತೆ ಅವು ಉರುಳತೊಡಗಿದವು. ಪ್ರವಾಹದಲ್ಲಿ ಕೊಚ್ಚಿಹೋದನೆಂಬ ನಿರ್ದೇಶಕ ದಡದ ಮೇಲೆ ಕೊಡೆ ಹಿಡಿದು ಮೊಸರನ್ನ ತಿನ್ನುತ್ತಿದ್ದ. ಬೆಟ್ಟದಿಂದ ತಾನೇ ಹಾರಿದನೆಂಬ ನಾಯಕ, ತನ್ನ ಬದಲಿಗೆ ಹಾರುತ್ತಿದ್ದವನಿಗೆ ಚಪ್ಪಾಳೆ ತಟ್ಟುತ್ತಿದ್ದ. ಕೊನೆಗೆ 'ಹದಿಮೂರನೇ ಮೈಲಿಗಲ್ಲು' ಚಿತ್ರದ ಬೀಳ್ಕೊಡುಗೆ ದೃಶ್ಯ ಬಂತು. ನಾಯಕಿ ಅಂದು ಬೆಳಿಗ್ಗೆ ತಾಯಿಯನ್ನು ಕಳೆದುಕೊಂಡೂ ಕೆಲಸ ಕೆಡಬಾರದೆಂದು ಬಂದಳು, ಆ ಕಣ್ಣೀರು ನಿಜವಾದದ್ದು ಎಂದು ಸಾಹೇಬರು ಮನ ಕರಗುವಂತೆ ಬರೆಯುತ್ತಿದ್ದ ಕಥೆ ಅದು. ಆಚೆನೋಟಕ ತೋರಿಸಿದ್ದೇ ಬೇರೆ. ನಾಯಕಿಯ ಎದುರಿಗೆ ಒಬ್ಬ ಗ್ಲಿಸರಿನ್ ಸೀಸೆ ಹಿಡಿದು ನಿಂತಿದ್ದ, ಇನ್ನೊಬ್ಬ ಮಸಾಲೆವಡೆಯ ತಟ್ಟೆ. ಅವಳ ತುಟಿಯನ್ನು ಓದಿದ ಯಂತ್ರ, 'ಚಟ್ನಿ ಎಲ್ಲಿ?' ಎಂದು ಬರೆಯಿತು.

ಬಳಗದಲ್ಲಿ ನಗುವಿನ ಚಿಹ್ನೆಗಳ ಮಳೆ ಸುರಿಯಿತು. ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ ಒಂದು ಸಾಲು ಮೂಡಿತು: 'ರಹಮತ್ತುಲ್ಲಾ ಬಳಗವನ್ನು ತೊರೆದಿದ್ದಾರೆ.'

ಟೀಚರಿಗೆ ಸಮಾಧಾನವಾಗಬೇಕಿತ್ತು. ಒಂದು ದಿನ ಆಯಿತು ಕೂಡ.

ಆಮೇಲೆ ಬಳಗದಲ್ಲಿ ವಿಚಿತ್ರವಾದ ಮೌನ ಆವರಿಸಿತು. ಯಾರಾದರೂ ಒಂದು ಪ್ರಶ್ನೆ ಎತ್ತಿದರೆ ಇನ್ನೊಬ್ಬರು ಅದನ್ನು ಅಷ್ಟರಲ್ಲಿ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗತೊಡಗಿದ್ದ ಆಚೆನೋಟಕಕ್ಕೆ ಕಳಿಸುತ್ತಿದ್ದರು, ಉತ್ತರ ಎರಡು ನಿಮಿಷದಲ್ಲಿ ಬರುತ್ತಿತ್ತು. ಮುಗಿಯಿತು. 'ಹಾಗಲ್ಲ ಸ್ವಾಮಿ' ಎನ್ನಲು ಯಾರಿಗೂ ಅವಕಾಶವಿರಲಿಲ್ಲ. ಸಂಜೆ ಆರಕ್ಕೆ ಕಾಫಿ ಲೋಟ ಹಿಡಿದು ಟೀಚರು ಬಳಗ ತೆರೆದರೆ ಯಾರೋ ಕಳಿಸಿದ ಗುಲಾಬಿ ಹೂವಿನ ಶುಭೋದಯ ಮಾತ್ರ ಇರುತ್ತಿತ್ತು. ಜನ ಒಬ್ಬೊಬ್ಬರಾಗಿ ಕಳಚಿಕೊಂಡರು. ಎರಡು ತಿಂಗಳಲ್ಲಿ ನೂರ ಮೂವತ್ತು ಮಂದಿ ಉಳಿದರು.

ಒಂದು ಭಾನುವಾರ ಟೀಚರು ಮನಸ್ಸು ಗಟ್ಟಿ ಮಾಡಿ ಹೊಸಪೇಟೆಗೆ ಫೋನ್ ಮಾಡಿದರು. ಹತ್ತು ವರ್ಷ ಬರವಣಿಗೆಯಲ್ಲೇ ಜಗಳವಾಡಿದ್ದ ಅವರು ಸಾಹೇಬರ ಧ್ವನಿ ಕೇಳಿದ್ದು ಅದೇ ಮೊದಲು. ಅಂದುಕೊಂಡದ್ದಕ್ಕಿಂತ ಮೆತ್ತಗಿನ ಧ್ವನಿ.

"ಸಾಹೇಬರೇ, ನೀವು ವಾಪಸ್ ಬರಬೇಕು."

"ಬಂದು ಏನ್ ಮಾತಾಡ್ಲಿ ಟೀಚರಮ್ಮ? ನಿಮ್ಮ ಮಷೀನು ಬರೋಬ್ಬರಿ ಐತಿ."

"ನೀವು ಅಷ್ಟೊಂದು ಸುಳ್ಳು ಯಾಕೆ ಹೇಳಿದಿರಿ?"

"ಸುಳ್ಳು ಅಂತ ಹೇಳಿದ್ದಲ್ರೀ. ಆ ಸಣ್ಣ ಕೋಣ್ಯಾಗ ಒಬ್ಬನ ಕುಂತು ಒಂದ ಪಿಚ್ಚರು ಎಂಬತ್ತು ಸಲ ನೋಡಾಂವ ನಾನು. ಇಪ್ಪತ್ತನೇ ಸಲಕ್ಕ ಕಥಿ ಬ್ಯಾಸರ ಆಗತೈತಿ. ನಲವತ್ತಕ್ಕ ಆ ಹೆಣ್ಮಗಳು ಯಾಕ ಹಿಂಗ ಅಳ್ತಾಳ ಅಂತ ಕೇಳ್ಕೊಂತೀನಿ. ಎಂಬತ್ತಕ್ಕ ಅದಕ್ಕ ಉತ್ತರ ಸಿಕ್ಕಿರತೈತಿ. ಆ ಉತ್ತರ ನನಗ ಯಾರು ಹೇಳಿದ್ರು ಅನ್ನೋದು ಮರ್ತ ಹೋಗಿರತೈತಿ, ಅಷ್ಟ."

ಅವರು ವಾಪಸ್ ಬರಲು ಒಪ್ಪಲಿಲ್ಲ. ಟೀಚರು ಫೋನಿಟ್ಟವರೇ ಇಂಚರಾಗೆ ಮಾಡಿದರು.

"ನಿನ್ನ ಯಂತ್ರವನ್ನು ಸ್ವಲ್ಪ ದಿನ ನಿಲ್ಲಿಸೋಕೆ ಆಗುತ್ತದೇನೇ?"

"ಅಯ್ಯೋ ಮಿಸ್, ಈಗ ಅದು ಎಲ್ಲರ ಕೈಯಲ್ಲಿದೆ. ಆದರೆ ಅದಕ್ಕೆ ಮೂಲ ರೀಲು ಇದ್ದರೆ ಮಾತ್ರ ಕಣ್ಣು. ಎಷ್ಟೋ ಹಳೆಯ ಚಿತ್ರಗಳ ರೀಲೇ ಇಲ್ಲ. ಬೆಳ್ಳಿ ತೆಗೆಯೋಕೆ ಅಂತ ಕರಗಿಸಿಬಿಟ್ಟಿದ್ದಾರೆ, ಉಳಿದವು ಗೋದಾಮಿನಲ್ಲಿ ಹುಳಿವಾಸನೆ ಬಂದು ಕೊಳೆತಿವೆ. ಅಂಥ ಚಿತ್ರ ಕೇಳಿದರೆ 'ಆಧಾರ ಲಭ್ಯವಿಲ್ಲ' ಅಂತ ಸುಮ್ಮನಾಗುತ್ತದೆ."

ಟೀಚರು ಆ ಮಾತನ್ನು ಮೂರು ದಿನ ಮೆಲುಕು ಹಾಕಿದರು. ಮಹಡಿಯ ಮೇಲೆ ಸಂಡಿಗೆ ಹಾಕುವಾಗಲೂ ಅದೇ ಯೋಚನೆ. ನಾಲ್ಕನೆಯ ದಿನ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ತಮ್ಮ ಜೀವಮಾನದ ಮೊದಲ ದೊಡ್ಡ ಸುಳ್ಳನ್ನು ಬರೆಯಲು ಕುಳಿತರು.

'ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮೂರ ಟೆಂಟಿನಲ್ಲಿ "ತುಂಗವ್ವನ ತಕ್ಕಡಿ" ಎಂಬ ಚಿತ್ರ ನೋಡಿದ್ದೆ. ಒಟ್ಟು ಹದಿನಾಲ್ಕು ರೀಲು. ಆರು ಹಾಡು. ಸಂತೆಯಲ್ಲಿ ತಕ್ಕಡಿ ಹಿಡಿದು ಕೂರುವ ಹೆಂಗಸೊಬ್ಬಳು ಊರಿನ ಗೌಡನ ನ್ಯಾಯವನ್ನೇ ತೂಗಿ ತೋರಿಸುವ ಕಥೆ. ಇದರ ರೀಲು ಎಲ್ಲೂ ಉಳಿದಿಲ್ಲವಂತೆ. ಯಾರಿಗಾದರೂ ನೆನಪಿದೆಯೇ?'

ಅಂಥ ಚಿತ್ರ ಯಾವತ್ತೂ ತಯಾರಾಗಿರಲಿಲ್ಲ.

ಹತ್ತು ನಿಮಿಷಕ್ಕೆ ಶಿರಾದ ನಿವೃತ್ತ ಕಂಡಕ್ಟರೊಬ್ಬರು, 'ನೆನಪಿಲ್ಲದೆ ಏನು, ಎಂಥಾ ಹಾಡುಗಳು!' ಎಂದರು. ಅರ್ಧ ಗಂಟೆಗೆ ಇನ್ನೊಬ್ಬರು ಗೌಡನ ಪಾತ್ರಧಾರಿಯ ಕೊಂಬುಮೀಸೆಯನ್ನು ವರ್ಣಿಸಿದರು. ಯಾರೋ ಯಂತ್ರವನ್ನು ಕೇಳಿದರು. 'ಆಧಾರ ಲಭ್ಯವಿಲ್ಲ' ಎಂದಿತು. ಬಳಗಕ್ಕೆ ಜೀವ ಬಂತು.

ಸಂಜೆ ಐದಕ್ಕೆ ಸಾಹೇಬರು ಮತ್ತೆ ಸೇರಲು ಅನುಮತಿ ಕೇಳಿದ್ದರು. ಟೀಚರು ಕೂಡಲೇ ಒಪ್ಪಿಗೆ ಒತ್ತಿದರು.

'ಟೀಚರಮ್ಮ ತಪ್ಪು ಹೇಳ್ಯಾರ,' ಎಂದು ಸಾಹೇಬರು ಬರೆದರು. 'ಹದಿನಾಲ್ಕಲ್ಲ, ಹದಿನೈದು ರೀಲು. ಕೊನೇ ಡಬ್ಬಿ ಹಿರಿಯೂರಿಗೆ ಹೋಗೋ ಮುಂದ ಬಸ್ಸಿನ ಟಾಪ್ ಮ್ಯಾಲಿಂದ ಬಿದ್ದು ಹಳ್ಳಕ್ಕ ಹೋತು. ಹಂಗಾಗಿ ಅವರೂರಾಗ ಗೌಡಗ ಶಿಕ್ಷಾ ಆಗೋದನ್ನ ಯಾರೂ ನೋಡಿಲ್ಲ. ನಾ ನೋಡೀನಿ. ಎಂಬತ್ತು ಸಲ.'

ಟೀಚರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮತ್ತೆ ಹಾಕಿಕೊಂಡು ಕಟುವಾಗಿ ಬರೆದರು: 'ಸಾಧ್ಯವೇ ಇಲ್ಲ. ಆಧಾರ ಕೊಡಿ.'

ಮೂರು ವಾರದಲ್ಲಿ ಬಳಗ ಎರಡು ಸಾವಿರ ದಾಟಿತು. ತುಂಗವ್ವನ ಪಾತ್ರ ಮಾಡಿದ್ದು ಯಾರು ಎಂಬ ವಿಷಯದಲ್ಲಿ ಎರಡು ಪಂಗಡಗಳಾದವು. ಗಾಬರಿಯಾದ ಇಂಚರಾ ಫೋನ್ ಮಾಡಿದಳು. "ಮಿಸ್, ಆ ಚಿತ್ರ ಹುಡುಕಿಕೊಡಿ ಅಂತ ನಮಗೆ ಮೂರು ಸಾವಿರ ಕೋರಿಕೆ ಬಂದಿವೆ! ನಿಜ ಹೇಳಿ, ನೀವು ಅದನ್ನು ನೋಡಿದ್ದೀರಾ?" ಟೀಚರು ನಿಜ ಹೇಳಿದರು. ಇಂಚರಾ ಮೊದಲು ಬೆಚ್ಚಿದಳು, ಆಮೇಲೆ ನಗು ತಡೆಯಲಾರದೆ ಫೋನಿಟ್ಟಳು.

ಅಷ್ಟರಲ್ಲಿ ಗದಗಿನಿಂದ ಸುಲೋಚನಾ ಎಂಬ ನಿವೃತ್ತ ನರ್ಸಮ್ಮನ ಧ್ವನಿ ಸಂದೇಶ ಬಂತು.

"ಟೀಚರ್ರೀ, ನಮ್ಮವ್ವ ಚಂಪಾಬಾಯಿ ಅಂತ, ನಾಟಕ ಕಂಪನ್ಯಾಗಿದ್ಲು. ಪಿಚ್ಚರಿನ್ಯಾಗೂ ಕೆಲಸ ಮಾಡೀನಿ ಅಂತಿದ್ಲು. ಯಾವ ಪಿಚ್ಚರು ಅಂದ್ರ ಹೆಸರು ನೆನಪಿಲ್ಲ ಅಂತಿದ್ಲು. ಮಂದಿ ಎಲ್ಲಾ ಆಕೀಗೆ ಸುಳ್ಳುಬುರುಕಿ ಅಂದ್ರು. ನಾನೂ ಒಮ್ಮೆ ಅಂದೆ. ನಿಮ್ಮ ತುಂಗವ್ವನ ಪಿಚ್ಚರಿನ್ಯಾಗ ಆಕಿ ಇದ್ಲೇನ್ರೀ? ಫೋಟೋ ಕಳಿಸೀನಿ, ನೋಡಿ ಹೇಳ್ರಿ."

ಫೋಟೋದಲ್ಲಿ ಉದ್ದ ಜಡೆಯ, ಅಗಲ ಹಣೆಯ ಹೆಂಗಸು ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದಳು. ಹೂಂ ಎಂದರೆ ಆ ತಾಯಿಯ ಹೆಸರಿಗೆ ಮತ್ತೊಂದು ಸುಳ್ಳು ಅಂಟುತ್ತದೆ. ಉಹೂಂ ಎಂದರೆ ಮಗಳ ಕೊನೆಯ ಆಸೆಯೂ ಹೋಗುತ್ತದೆ. ಅವರು ಸಾಹೇಬರಿಗೆ ಫೋನ್ ಮಾಡಿದರು.

"ಇದಕ್ಕ ನನ್ ಹಂತ್ಯಾಕ ಕಥಿ ಇಲ್ಲ ಟೀಚರಮ್ಮ," ಎಂದರು ಸಾಹೇಬರು. "ಇದನ್ನ ನಿಮ್ಮ ಮಷೀನಿಗೇ ಕೇಳ್ರಿ."

ಇಂಚರಾ ಆ ಫೋಟೋವನ್ನು ರೀಲು ಉಳಿದಿದ್ದ ಇನ್ನೂರ ಹನ್ನೊಂದು ಚಿತ್ರಗಳ ಮುಂದೆ ಹಿಡಿದಳು. ಯಂತ್ರ ಒಂಬತ್ತು ದಿನ ಹುಡುಕಿತು. ಪರದೆಯ ಮೇಲೆ ಚಂಪಾಬಾಯಿ ಎಲ್ಲಿಯೂ ಇರಲಿಲ್ಲ. ಹತ್ತನೆಯ ದಿನ ಒಬ್ಬ ಪ್ರಖ್ಯಾತ ನಾಯಕಿಯ ಕಣ್ಣುಗುಡ್ಡೆಯೊಳಗೆ ಸಿಕ್ಕಳು. ಆ ನಾಯಕಿಯ ನೃತ್ಯ ನಾಡಿಗೆಲ್ಲ ಗೊತ್ತಿದ್ದದ್ದು. ಆಕೆ ನೃತ್ಯ ಕಲಿತವಳೇ ಅಲ್ಲ, ಹುಟ್ಟಾ ಪ್ರತಿಭೆ ಎಂದು ಹಾಡಿನ ಪುಸ್ತಕದಲ್ಲಿ ಅಚ್ಚಾಗಿತ್ತು, ಟೀಚರು ಅದನ್ನು ಎಷ್ಟೋ ಸಲ ಆಧಾರವಾಗಿ ಕೊಟ್ಟಿದ್ದರು. ಈಗ ನೋಡಿದರೆ ಕ್ಯಾಮೆರಾದ ಪಕ್ಕದಲ್ಲಿ, ಸೆರಗು ಸೊಂಟಕ್ಕೆ ಬಿಗಿದ ಚಂಪಾಬಾಯಿ ಒಂದೊಂದು ಹೆಜ್ಜೆಯನ್ನೂ ಮೊದಲು ತಾನು ಹಾಕಿ ತೋರಿಸುತ್ತಿದ್ದಳು. ನಾಯಕಿ ಅದನ್ನು ನೋಡಿ ನೋಡಿ ಕುಣಿಯುತ್ತಿದ್ದಳು.

ಸುಲೋಚನಾ ಅದನ್ನು ಇಡೀ ಬಳಗದೊಂದಿಗೆ ನೋಡಿದರು. "ಆಕೀಗಿಂತ ನಮ್ಮವ್ವನ ಛಲೋ ಕುಣದಾಳ," ಎಂದಷ್ಟೇ ಹೇಳಿದರು.

ಅಂದೇ ಟೀಚರು ಗಟ್ಟಿ ಮನಸ್ಸು ಮಾಡಿ ಬಳಗಕ್ಕೆ ಬರೆದರು: 'ಸತ್ಯ ಹೇಳಿಬಿಡುತ್ತೇನೆ. ತುಂಗವ್ವನ ತಕ್ಕಡಿ ಎಂಬ ಚಿತ್ರವೇ ಇಲ್ಲ. ಅದು ನಾನು ಕಟ್ಟಿದ್ದು. ಎಲ್ಲರೂ ಕ್ಷಮಿಸಬೇಕು.'

ಯಾರೂ ನಂಬಲಿಲ್ಲ. ಟೀಚರಿಗೆ ವಯಸ್ಸಾಯಿತು, ಮರೆವು ಬರುವುದು ಸಹಜ, ಆರೋಗ್ಯ ನೋಡಿಕೊಳ್ಳಲಿ ಎಂದು ಮುನ್ನೂರು ಜನ ಹಾರೈಸಿದರು. ಇಲ್ಲ ಎನ್ನಲು ಆಧಾರವೇನಿದೆ ಎಂದು ಒಬ್ಬ ವಕೀಲರು ಕೇಳಿದರು. ಶಿರಾದ ಕಂಡಕ್ಟರಂತೂ ಚಿತ್ರದ ಮೂರನೇ ಹಾಡನ್ನು ಪೂರ್ತಿ ಗುನುಗಿ ಕಳಿಸಿದರು. ಆ ಧಾಟಿ ಬಹಳ ಚೆನ್ನಾಗಿತ್ತು.

ಮರುದಿನ ಮುಂಜಾನೆ ಹುರುಳಿಕಾಯಿ ಸೋಸುತ್ತ ಕುಳಿತಾಗ ಅದೇ ಧಾಟಿ ಟೀಚರ ಬಾಯಲ್ಲಿ ತಾನಾಗಿ ಬಂತು. ಪೇಪರು ಓದುತ್ತಿದ್ದ ಅಶ್ವತ್ಥಯ್ಯ ತಲೆಯೆತ್ತಿದರು.

"ಇದು ಆ ತಕ್ಕಡಿ ಸಿನಿಮಾದ ಹಾಡಲ್ಲವೇ?"

"ನಿಮಗೆ ಹೇಗೆ ಗೊತ್ತು?"

"ಗೊತ್ತಿಲ್ಲದೆ ಏನು? ಮದುವೆಯಾದ ಹೊಸದರಲ್ಲಿ ನಾವಿಬ್ಬರೇ ಹೋಗಿದ್ದೆವಲ್ಲ. ನೀನು ನೀಲಿ ಸೀರೆ ಉಟ್ಟಿದ್ದೆ. ಈ ಹಾಡು ಬಂದಾಗ ಅತ್ತುಬಿಟ್ಟೆ."

ಟೀಚರು ಕೈಯಲ್ಲಿದ್ದ ಹುರುಳಿಕಾಯಿಯನ್ನು ಹಾಗೆಯೇ ಹಿಡಿದು ಅವರ ಮುಖ ನೋಡಿದರು. ಆ ಮುಖದಲ್ಲಿ ಸುಳ್ಳಿನ ಎಳೆಯೂ ಇರಲಿಲ್ಲ. ನಲವತ್ತೆಂಟು ವರ್ಷದಲ್ಲಿ ಈ ಮನುಷ್ಯ ತಮ್ಮ ಸೀರೆಯ ಬಣ್ಣ ಹೇಳಿದ್ದು ಇದೇ ಮೊದಲು.

"ಹೂಂ," ಎಂದು ಅವರು ಮೊರವನ್ನು ಪಕ್ಕಕ್ಕೆ ಸರಿಸಿದರು. "ನೀವು ಆವತ್ತು ನನಗೆ ಕರವಸ್ತ್ರ ಕೊಟ್ಟಿರಿ, ನೆನಪಿದೆಯೇ?"