ಅಕ್ಕನ ಕೊರಳ ಕೀಲಿ

ಧಡ್!

ಚೋಟಿ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟ ವಸ್ತುವಿನ ಸದ್ದಿಗೆ ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದವರೂ ಬೆಚ್ಚಿ ಎದ್ದು ಕೂತರು.

ಅದು ಗೇಣುದ್ದದ ಕಬ್ಬಿಣದ ಕೀಲಿ. ಮೇಲೆ ಅಡ್ಡ ಹಿಡಿ, ಕೆಳಗೆ ಚೌಕದ ತುದಿ. ಹಿಡಿಗೆ ಕೆಂಪು ದಾರ ಕಟ್ಟಿತ್ತು. ಮುಟ್ಟಿದರೆ ಬೆರಳಿಗೆ ಎಣ್ಣೆ ಅಂಟುತ್ತಿತ್ತು.

‘ನಮ್ಮ ಮನೆಯ ಹೆಮ್ಮೆ’ ಅನ್ನುವಂಥದ್ದು ಏನಾದರೂ ತನ್ನಿ ಎಂದು ಮಿಸ್ ಹೇಳಿದ್ದರು. ಒಬ್ಬಳು ಅಜ್ಜಿ ಹೆಣೆದ ಸ್ವೆಟರ್ ತಂದಿದ್ದಳು. ಇನ್ನೊಬ್ಬ ಅಪ್ಪ ಗೆದ್ದ ಕೇರಂ ಕಪ್ ತಂದಿದ್ದ. ಚೋಟಿ ಮನಸ್ಸಿನಲ್ಲೇ ಇಬ್ಬರಿಗೂ ಸೊನ್ನೆ ಕೊಟ್ಟಿದ್ದಳು.

ಕ್ಲಾಸಿಗೆಲ್ಲ ಕುಳ್ಳಿಯಾದ ಅವಳು ಮೇಜಿನ ಹಿಂದೆ ತುದಿಗಾಲಲ್ಲಿ ನಿಂತು ಶುರು ಮಾಡಿದಳು.

“ಇದು ನಮ್ಮಕ್ಕಂಗೆ ಕೊಟ್ಟಿರೋ ಮೆಡಲ್ಲು ಮಿಸ್. ಅವಳು ಡಿಗ್ರಿ ಅಪ್ರೆಂಟಿಸ್. ವಾರದಲ್ಲಿ ನಾಲ್ಕು ದಿನ ಫ್ಯಾಕ್ಟರಿ, ಎರಡು ದಿನ ಕಾಲೇಜು. ಮಷೀನ್ ಕೆಲಸಾನೂ ಕಲೀತಾಳೆ, ಓದಿ ಇಂಜಿನಿಯರೂ ಆಗ್ತಾಳೆ. ಮೇಲಿಂದ ಸಂಬಳ ಬೇರೆ!”

“ಪರವಾಗಿಲ್ವೇ!” ಎಂದು ಮಿಸ್ ಹುಬ್ಬೇರಿಸಿದರು. ಚೋಟಿ ಇನ್ನೊಂದು ಇಂಚು ಉದ್ದವಾದಳು.

ಆಗ ಸ್ಪೀಕರ್ ಎದ್ದು ನಿಂತ. ಅವನು ಗುಟ್ಟು ಹೇಳಿದರೂ ಪಕ್ಕದ ಕ್ಲಾಸಿಗೆ ಕೇಳುತ್ತದೆ, ಅದಕ್ಕೇ ಆ ಹೆಸರು. ಅವನ ಅಪ್ಪನಿಗೆ ಅದೇ ಫ್ಯಾಕ್ಟರಿಯ ಸ್ಟೋರಿನಲ್ಲಿ ಕೆಲಸ.

“ಮಿಸ್, ಅದು ಮೆಡಲ್ ಅಲ್ಲ, ಪನಿಶ್‌ಮೆಂಟು! ಅದು ಕಬ್ಬಿಣ ಹೆರೆಯೋ ಲೇತ್ ಮಷೀನಿನ ಚಕ್ ಕೀ. ಅದ್ರಲ್ಲಿ ಕಬ್ಬಿಣದ ತುಂಡನ್ನ ಬಿಗಿ ಮಾಡಿ, ಆಮೇಲೆ ಕೀ ತೆಗೆದಿಡ್ಬೇಕು. ಮರೆತು ಹಂಗೇ ಆನ್ ಮಾಡಿದ್ರೆ ಮಷೀನ್ ತಿರುಗಿ ಕೀ ಎಗರಿ ಹೋಗತ್ತೆ. ಮೊನ್ನೆ ಯಾರೋ ಹೊಸ ಹುಡುಗಿ ಮರೆತ್ಬಿಟ್ಟು ಟ್ಯೂಬ್‌ಲೈಟ್ ಪುಡಿಪುಡಿ! ಪಕ್ಕದಲ್ಲಿದ್ದವನ ಕಿವಿ ಸ್ವಲ್ಪದರಲ್ಲಿ ಉಳೀತಂತೆ. ಹಂಗೆ ಮಾಡಿದವರು ಒಂದು ವಾರ ಅದನ್ನ ಕತ್ತಿಗೆ ಹಾಕ್ಕೊಂಡೇ ಇರ್ಬೇಕು. ಮನೇಗೆ ಹೋದ್ರೂ ಬಿಡಂಗಿಲ್ಲ!”

ಕ್ಲಾಸು ಗೊಳ್ಳೆಂದು ನಕ್ಕಿತು.

ಚೋಟಿಯ ಕಿವಿ ಕಾದು ಕೆಂಪಾದವು. ಮೊನ್ನೆ ಸಂಜೆ ಅಕ್ಕ ಅಂಗಿಯೊಳಗೆ ಏನನ್ನೋ ಮುಚ್ಚಿಕೊಂಡು ಬಂದಿದ್ದಳು. ಕೊರಳಲ್ಲಿ ಕೆಂಪು ದಾರ ಮಾತ್ರ ಕಾಣುತ್ತಿತ್ತು. “ಏನೇ ಅದು, ಮೆಡಲ್ಲಾ?” ಎಂದು ಚೋಟಿ ಪೀಡಿಸಿದಾಗ ಅಕ್ಕ ಎಲ್ಲೋ ನೋಡುತ್ತಾ “ಹೂಂ, ಮೆಡಲ್ಲೇ” ಎಂದು ಅದನ್ನು ಬ್ಯಾಗಿಗೆ ತುರುಕಿದ್ದಳು. ಅವತ್ತು ಸರಿಯಾಗಿ ಊಟವನ್ನೂ ಮಾಡಿರಲಿಲ್ಲ. ಹೆಮ್ಮೆಯಲ್ಲಿದ್ದ ಚೋಟಿಯ ಕಣ್ಣಿಗೆ ಅದೆಲ್ಲ ಬಿದ್ದೇ ಇರಲಿಲ್ಲ. ನಿನ್ನೆ ರಾತ್ರಿ ಅಕ್ಕ ಮಲಗಿದ ಮೇಲೆ ಮೆಲ್ಲಗೆ ಬ್ಯಾಗಿಗೆ ಕೈಹಾಕಿದ್ದಳು.

“ನಿಜವಾಗ್ಲೂ ನಿಮ್ಮಕ್ಕಾನಾ?” ಸ್ಪೀಕರ್ ಬಿಡಲಿಲ್ಲ. “ಅವಳು ನಿಂಗೇನಾಗ್ಬೇಕು?”

“ಪಕ್ಕದ್ಮನೆಯವಳು,” ಎಂದಳು ಚೋಟಿ. “ಅಕ್ಕಾ ಅಂತ ಕರೀತೀನಿ, ಅಷ್ಟೆ.”

ಮಿಸ್ ಅವಳನ್ನೇ ಒಂದು ಕ್ಷಣ ನೋಡಿದರು. ಅವರು ಅಕ್ಕನಿಗೂ ಪಾಠ ಮಾಡಿದವರು. ಏನೂ ಅನ್ನದೆ ಕೀಲಿಯನ್ನು ಚೋಟಿಯ ಕೈಗೆ ವಾಪಸು ಕೊಟ್ಟರು. ಒಂದು ಏಟು ಕೊಟ್ಟಿದ್ದರೂ ಅವಳಿಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಊಟದ ಬಿಡುವಿನಲ್ಲಿ ಡಬ್ಬಿ ತೆರೆಯುವ ಮನಸ್ಸಾಗಲಿಲ್ಲ. ಸ್ಪೀಕರ್ ಬಂದು ಪಕ್ಕದಲ್ಲಿ ಕೂತ. ಅವನು ಕೆಟ್ಟವನೇನಲ್ಲ, ಬಾಯಿ ನಿಲ್ಲುವುದಿಲ್ಲ ಅಷ್ಟೆ.

“ಅಲ್ಲ, ಕೀ ಇಲ್ಲಿದ್ರೆ ನಿಮ್ಮ ಪಕ್ಕದ್ಮನೆಯವಳು ಇವತ್ತು ಕೆಲಸ ಹೆಂಗೆ ಮಾಡ್ತಾಳೆ? ಒಂದು ಮಷೀನಿಗೆ ಒಂದೇ ಕೀ. ಬೇರೆಯವರದ್ದು ಮುಟ್ಟಂಗಿಲ್ಲ.”

ಚೋಟಿಗೆ ಆಗ ನೆನಪಾಯಿತು. ಇವತ್ತು ಅಕ್ಕನ ಟೆಸ್ಟು! ವಾರದಿಂದ ಅವಳ ಬಾಯಲ್ಲಿ ಅದೊಂದೇ ಮಾತು. ಇವತ್ತು ಲೇತಿನ ಮೇಲೆ ಒಂದು ತುಂಡು ಹೆರೆದು ತೋರಿಸಬೇಕು, ಆ ಮಾರ್ಕು ಕಾಲೇಜಿಗೂ ಹೋಗುತ್ತದೆ ಎಂದು ಹೇಳಿದ್ದಳು.

ಸ್ಕೂಲು ಬಿಟ್ಟದ್ದೇ ಚೋಟಿ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಫ್ಯಾಕ್ಟರಿ ಇದ್ದದ್ದು ಸೇತುವೆಯ ಆಚೆ. ಗೇಟಿನ ತಾತ ಕೈ ಅಡ್ಡ ಹಿಡಿದ.

“ಒಳಗೆ ಬಿಡಂಗಿಲ್ಲ ಮರಿ. ಆ ಜಾಲರಿ ಹತ್ರ ನಿಂತ್ಕೋ, ಕರೆಸ್ತೀನಿ.”

ಜಾಲರಿಯ ಆಚೆ ಅಪ್ರೆಂಟಿಸ್‌ಗಳ ಶೆಡ್ಡು. ಸಾಲಾಗಿ ಲೇತುಗಳು ಗುಂಯ್ಯೆನ್ನುತ್ತಿದ್ದವು. ಒಂದು ಮಾತ್ರ ಸುಮ್ಮನೆ ನಿಂತಿತ್ತು. ಅಕ್ಕ ಪೊರಕೆ ಹಿಡಿದು, ಬೇರೆಯವರ ಮಷೀನಿನ ಕೆಳಗೆ ಬಿದ್ದ ಕಬ್ಬಿಣದ ಸುರುಳಿಗಳನ್ನು ಗುಡಿಸುತ್ತಿದ್ದಳು. ಯಾರಾದರೂ ಪಕ್ಕದಲ್ಲಿ ಹಾದರೆ ಅವಳ ತಲೆ ಇನ್ನಷ್ಟು ತಗ್ಗುತ್ತಿತ್ತು. ಮನೆಯಲ್ಲಿ ಚೋಟಿಯ ಜುಟ್ಟು ಹಿಡಿದು ಜೋರು ಮಾಡುವ ಅಕ್ಕ ಇವಳೇನಾ?

ತಾತ ಹೇಳಿದ ಮೇಲೆ ಅಕ್ಕ ಬಂದಳು. ಹಿಂದೆಯೇ ಫೋರ್ಮನ್ ಬಂದರು. ಚೋಟಿ ಜಾಲರಿಯ ಸಂದಿಯಿಂದ ಕೀಲಿಯನ್ನು ಒಳಗೆ ತೂರಿಸಿದಳು.

“ಎಲ್ಲಿತ್ತಂತೆ?” ಫೋರ್ಮನ್ ಕೇಳಿದರು.

“ಮನೇಲಿ ಸರ್. ನಾನೇ ಮರೆತು ಬಂದಿದ್ದೆ,” ಎಂದಳು ಅಕ್ಕ.

“ಬೆಳಿಗ್ಗೆ ಕೇಳಿದಾಗ ಕಳೆದು ಹೋಯ್ತು ಅಂದೆ.”

“ಹೂಂ ಸರ್. ತಪ್ಪು ನಂದೇ.”

ಅಕ್ಕ ಚೋಟಿಯ ಕಡೆ ನೋಡಲಿಲ್ಲ. ಬ್ಯಾಗಿಗೆ ಕೈಹಾಕುವವರು ಮನೆಯಲ್ಲಿ ಇನ್ಯಾರಿದ್ದಾರೆ? ಅವಳಿಗೆ ಬೆಳಿಗ್ಗೆಯೇ ಗೊತ್ತಾಗಿತ್ತು. ಆದರೂ ಇಡೀ ದಿನ ಬಾಯಿ ಬಿಟ್ಟಿರಲಿಲ್ಲ.

“ಇಲ್ಲ! ನಾನು ತಗೊಂಡೋಗಿದ್ದೆ. ಹೇಳದೆ ತಗೊಂಡೋಗಿದ್ದೆ,” ಎಂದಳು ಚೋಟಿ.

ಫೋರ್ಮನ್ ಬಗ್ಗಿ ಜಾಲರಿಯ ಮೂಲಕ ನೋಡಿದರು. “ನೀನ್ಯಾರಮ್ಮ? ಇವಳಿಗೆ ಏನಾಗ್ಬೇಕು?”

ಮತ್ತೆ ಅದೇ ಪ್ರಶ್ನೆ. ಚೋಟಿ ಎರಡೂ ಕೈಯಲ್ಲಿ ಜಾಲರಿ ಹಿಡಿದುಕೊಂಡಳು.

“ತಂಗಿ. ಸ್ವಂತ ತಂಗಿ.”

ಫೋರ್ಮನ್ ರೇಗಲಿಲ್ಲ. “ಕೀ ಇರ್ಬೇಕಾದ್ದು ಕತ್ತಲ್ಲಿ, ಬ್ಯಾಗಲ್ಲಲ್ಲ,” ಎಂದು ಅಕ್ಕನಿಗೆ ಹೇಳಿದರು. “ಟೆಸ್ಟು ಆಗೋಯ್ತು. ಇನ್ನು ಮುಂದಿನ ತಿಂಗಳೇ.”

ಅಕ್ಕ ತಲೆಯಾಡಿಸಿ, ಕೆಂಪು ದಾರವನ್ನು ಕೊರಳಿಗೆ ಹಾಕಿಕೊಂಡಳು.

ಶಿಫ್ಟ್ ಮುಗಿದ ಮೇಲೆ ಇಬ್ಬರೂ ಮನೆಗೆ ಹೊರಟು ಸೇತುವೆಗೆ ಬಂದರು. ಕೀಲಿ ಅಕ್ಕನ ಅಂಗಿಯೊಳಗೆ ಅಡಗಿತ್ತು.

“ಅಕ್ಕಾ, ಇನ್ನೊಂದು ಇದೆ,” ಎಂದಳು ಚೋಟಿ. “ಕ್ಲಾಸಲ್ಲಿ ಎಲ್ಲರೂ ನಕ್ಕಾಗ ನೀನು ಪಕ್ಕದ್ಮನೆಯವಳು ಅಂದ್ಬಿಟ್ಟೆ.”

ಅಕ್ಕ ನಿಂತಳು. ಪರವಾಗಿಲ್ಲ ಅನ್ನುತ್ತಾಳೆ ಎಂದು ಚೋಟಿ ಕಾದಳು. ಅಕ್ಕ ಅನ್ನಲಿಲ್ಲ. ಅವಳ ಕಣ್ಣು ತುಂಬಿತ್ತು.

“ನಾನು ಮೆಡಲ್ಲು ಅಂದೆ,” ಎಂದಳು ಕೊನೆಗೆ. “ನೀನು ಪಕ್ಕದ್ಮನೆ ಅಂದೆ. ಒಳ್ಳೇ ಜೋಡಿ ಕಣೇ ನಾವು.”

ಚೋಟಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಆ ಪಕ್ಕದಲ್ಲಿದ್ದವನ ಕಿವಿಗೆ ನಿಜವಾಗ್ಲೂ ಏನೂ ಆಗ್ಲಿಲ್ವಾ?”

“ಇಲ್ಲ. ಆದ್ರೆ ಆಗಿದ್ರೆ? ಕಣ್ಮುಚ್ಚಿದ್ರೆ ಅದೇ ಕಾಣತ್ತೆ.” ಅಕ್ಕ ಅಂಗಿಯ ಮೇಲಿಂದಲೇ ಕೀಲಿ ಮುಟ್ಟಿ ನೋಡಿಕೊಂಡಳು.

ರಸ್ತೆಯ ತಿರುವಿನಲ್ಲಿ ಸ್ಪೀಕರ್ ಮತ್ತು ಅವನ ಗೆಳೆಯರು ಚೆಂಡಾಡುತ್ತಿದ್ದರು. ಅಕ್ಕ ಬೇರೆ ದಾರಿ ಹಿಡಿಯಲು ಹೊರಟಳು. ಚೋಟಿ ಅವಳ ಕೈ ಜಗ್ಗಿದಳು.

“ಮನೆ ತನಕ ನಾನು ಹಾಕ್ಕೊಳ್ಳಾ?”

ಅಕ್ಕ ಅವಳ ಮುಖವನ್ನೇ ನೋಡಿ, ದಾರವನ್ನು ತೆಗೆದು ಅವಳ ಕೊರಳಿಗೆ ಹಾಕಿದಳು. ಬೆಳಿಗ್ಗೆ ಚೀಲದಲ್ಲಿದ್ದಾಗ ಇದು ಇಷ್ಟು ಭಾರವಿತ್ತೇ? ದಾರ ಕತ್ತನ್ನು ಒತ್ತುತ್ತಿತ್ತು. ಹೆಜ್ಜೆ ಹೆಜ್ಜೆಗೂ ಕಬ್ಬಿಣ ಎದೆಗೆ ಬಡಿಯುತ್ತಿತ್ತು. ಚೋಟಿ ಅದನ್ನು ಯೂನಿಫಾರ್ಮಿನ ಹೊರಗೇ ಬಿಟ್ಟುಕೊಂಡು ಅಕ್ಕನ ಕೈ ಹಿಡಿದು ನಡೆದಳು.

ಚೆಂಡಾಟ ನಿಂತಿತು. ಎಲ್ಲರೂ ನೋಡಿದರು. ಚೋಟಿಯ ಕಿವಿ ಮತ್ತೆ ಕಾದವು, ಆದರೂ ಅವಳು ಕೈ ಬಿಡಲಿಲ್ಲ.

“ನಮ್ಮಕ್ಕ,” ಎಂದಳು ಸ್ಪೀಕರನಿಗೆ.

ಅವನು ಚೆಂಡನ್ನು ಎತ್ತಿಕೊಂಡು ದಾರಿ ಬಿಟ್ಟ.

ಮನೆ ತಲುಪಿದ ಮೇಲೆ ಚೋಟಿ ಚೀಲವನ್ನು ಎಂದಿನಂತೆ ಮೂಲೆಗೆ ಎಸೆದಳು. ಬೂಟು ಒಂದು ಅಲ್ಲಿ, ಒಂದು ಇಲ್ಲಿ ಬಿತ್ತು. ಕೊರಳಿನಿಂದ ಕೀಲಿ ತೆಗೆದಳು. ಮೇಜಿನ ಕಡೆಗೆ ಹೋದ ಕೈ ಅರ್ಧಕ್ಕೇ ನಿಂತಿತು.

ಅಕ್ಕ ಒಳಗೆ ಕೈಗೆ ಹತ್ತಿದ ಎಣ್ಣೆ ತೊಳೆಯುತ್ತಿದ್ದಳು. ಚೋಟಿ ಬಚ್ಚಲ ಬಾಗಿಲಲ್ಲಿ ಕಾದು ನಿಂತಳು. ಅಕ್ಕ ಕೈ ಒರೆಸಿಕೊಂಡ ಮೇಲೆ, ಕೀಲಿಯನ್ನು ಅವಳ ಕೈಗೇ ಕೊಟ್ಟಳು.